ಆಟದ ಅಂಗಳ: ಎಡಗೈಯ ಲೆಕ್ಕ



ಹೋದ ಸಂಚಿಕೆಯಲ್ಲಿ ಕೇರಮ್ ಹಲಗೆಯ ವಿಷಯ ಬರೆದು, ಈ ಯುಗಾದಿ ಸಂಚಿಕೆಯಲ್ಲಿ ಚದುರಂಗದ ಮಾತು ಹೇಳುತ್ತೇನೆಂದು ವಚನವಿತ್ತಿದ್ದೆ. ಆ ವಚನವನ್ನು ಮುಂದಿನ ಸಂಚಿಕೆಗೆ ದೂಡಬೇಕಾಗಿ ಬಂದಿದೆ, ಕ್ಷಮಿಸಬೇಕು. ನಡುವೆ ಒಂದು ಸಂಗತಿ ನಡೆಯಿತು. ಮಕ್ಕಳಿರುವ ಮನೆಗಳಿಗೆಲ್ಲ ಅದು ಬೇಕಾದ ಮಾತೆಂದು ತೋರಿದ್ದರಿಂದ ಚದುರಂಗವನ್ನು ಬದಿಗಿಟ್ಟು ಅದನ್ನೇ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ಸಂಘದ ರಾಜ್ಯೋತ್ಸವದ ದಿನ. ಸಮಾರಂಭ ಮುಗಿದು ಎಲ್ಲರೂ ಊಟಕ್ಕೆ ಕಾಯುತ್ತಿದ್ದೆವು. ಗದಗಿನ ಕಡೆಯವರೊಬ್ಬರು ನನ್ನ ಪಕ್ಕಕ್ಕೆ ಬಂದರು. ಅವರ ಮನೆ ಡೊಂಬಿವಲಿ ಪೂರ್ವದಲ್ಲಿ, ಕೆಲಸ ಠಾಣೆ-ಬೇಲಾಪುರ ರಸ್ತೆಯ ಕಾರಖಾನೆಯೊಂದರಲ್ಲಿ. ಸಂಕೋಚದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ಬಾಯಿಬಿಟ್ಟರು.

"ಸರ, ನೀವು ಆಟದ ಬಗ್ಗೆ ಬರೀತೀರಿ. ನಮ್ಮ ಹುಡುಗನ್ನ ಒಮ್ಮೆ ಬಂದು ನೋಡ್ರಿ. ಬಾಸ್ಕೆಟ್‌ಬಾಲ್ ಆಡ್ತಾನ. ಹನ್ನೆರಡನೆ ಪರೀಕ್ಷೆಗೆ ಈ ವರ್ಷ ಕೂಡಂಗಿಲ್ಲ, ಆಟಾನ ನನ್ನ ಉದ್ಯೋಗ ಅಂತಾನ. ಅವರ ಕೋಚ್ ಸರ ಹುಡುಗ ಭಾಳ ಚಲೋ ಅದಾನ ಅಂತಾರ. ನನಗೇನು ತಿಳೀತೈತ್ರಿ? ನೀವು ಹೌದಂದ್ರ ಹೌದು, ಅಲ್ಲಂದ್ರ ಅಲ್ಲ."

ಒಂದು ಮನೆಯ ಭವಿಷ್ಯವನ್ನು ಇಷ್ಟು ಸುಲಭವಾಗಿ ಇನ್ನೊಬ್ಬರ ಕೈಗೆ ಕೊಡುವುದೆಂದರೆ ತೆಗೆದುಕೊಳ್ಳುವವನಿಗೇ ಭಯವಾಗುತ್ತದೆ. ಆಗಲೆಂದು ಒಪ್ಪಿಕೊಂಡೆ. ಆದರೆ ಒಂದು ಆಟ ನೋಡಿ ಹೇಳುವುದಿಲ್ಲ, ಮೂರು ನೋಡಬೇಕು ಎಂದೆ.

ಈ ಆಟವನ್ನು ನೋಡದ ಹಿರಿಯರಿಗಾಗಿ ಎರಡು ಮಾತು. ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹುಡುಗರು ಒಳಾಂಗಣದಲ್ಲಿ ಆಡಲೆಂದು ೧೮೯೧ರ ಡಿಸೆಂಬರಿನಲ್ಲಿ ಇದನ್ನು ಹೂಡಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲಿನ ಕೈಸಾಲೆಗೆ ಹೊಡೆಸಿದರು. ಅದು ನೆಲದಿಂದ ೧೦ ಅಡಿ ಎತ್ತರದಲ್ಲಿತ್ತು. ಇಂದಿಗೂ ಬಳೆಯ ಎತ್ತರ ಅಷ್ಟೆ. ಒಂದೊಂದು ಪಕ್ಷಕ್ಕೆ ಐವರು. ಚೆಂಡು ಕೈಗೆ ಬಂದ ಮೇಲೆ ೮ ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು, ೨೪ ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಎತ್ತರದವರು ಬುಟ್ಟಿಯ ಬಳಿ ನಿಲ್ಲುತ್ತಾರೆ. ಚೆಂಡನ್ನು ಪುಟಿಸುತ್ತ ಮುಂದೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನಿಶ್ಚಯಿಸುವವನನ್ನು ಗಾರ್ಡ್ ಎನ್ನುತ್ತಾರೆ.

ಗಾರ್ಡ್ ಎಂದರೆ ಕಾವಲುಗಾರನೆಂದು ತಿಳಿಯಬೇಡಿ. ನಮ್ಮ ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನನ್ನು ನೆನಸಿಕೊಳ್ಳಿ. ಒಳ್ಳೆಯ ಬಡಿಸುವವನು ತಾನು ನಿಂತಿರುವ ಎಲೆಯನ್ನಷ್ಟೇ ನೋಡುವುದಿಲ್ಲ. ಮುಂದಿನ ಮೂರು ಎಲೆಗಳಲ್ಲಿ ಏನು ಮುಗಿಯುತ್ತ ಬಂದಿದೆ ಎಂಬುದನ್ನು ಆಗಲೇ ನೋಡಿರುತ್ತಾನೆ. ಕೇಳುವ ಮುಂಚೆ ಹುಳಿ ಎಲೆಗೆ ಬಿದ್ದಿರುತ್ತದೆ. ಗಾರ್ಡ್‌ನ ಕೆಲಸವೂ ಅದೇ.

ಮೂರು ಆಟ ನೋಡಿದೆ. ಒಂದು ಠಾಣೆಯಲ್ಲಿ, ಒಂದು ಕಲ್ಯಾಣದಲ್ಲಿ, ಇನ್ನೊಂದು ನೆರೂಳಿನಲ್ಲಿ. ಎಲ್ಲವೂ ಸಿಮೆಂಟಿನ ಅಂಗಳಗಳೇ. ಕೈಯಲ್ಲಿ ಒಂದು ಇನ್ನೂರು ಪುಟದ ನೋಟುಪುಸ್ತಕ. ಆಟಗಾರನನ್ನು ತೂಗಲು ಕೂತವನು ಕೈತಟ್ಟುತ್ತ ಕೂರಬಾರದು, ಗೀಟು ಹಾಕುತ್ತ ಕೂರಬೇಕು. ಕಣ್ಣು ಚಂದದ ಎಸೆತವನ್ನು ನೆನಪಿಟ್ಟುಕೊಂಡು ಸಣ್ಣ ತಪ್ಪುಗಳನ್ನು ಮರೆತುಬಿಡುತ್ತದೆ, ಗೀಟು ಮರೆಯುವುದಿಲ್ಲ. ಚೆಂಡು ಅವನ ಕೈಯಲ್ಲಿಲ್ಲದಾಗ ಏನು ಮಾಡುತ್ತಾನೆ, ತಪ್ಪು ಮಾಡಿದ ಮುಂದಿನ ನಿಮಿಷ ಹೇಗಿರುತ್ತಾನೆ, ಕಾಲು ಸೋತ ಕೊನೆಯ ಹತ್ತು ನಿಮಿಷ ಹೇಗೆ ಆಡುತ್ತಾನೆ, ಈ ಮೂರನ್ನು ಮುಖ್ಯವಾಗಿ ಬರೆದುಕೊಂಡೆ.

ಹುಡುಗನಿಗೆ ಹದಿನೇಳು ವರ್ಷ. ಎತ್ತರ ಐದಡಿ ಹತ್ತಂಗುಲ. ತೆಳ್ಳಗಿನ ಮೈ. ಮೊದಲು ಗುಣಗಳನ್ನು ಹೇಳುತ್ತೇನೆ.

ಅವನಿಗೆ ಕಣ್ಣಿದೆ. ಇದೇ ದೊಡ್ಡದು. ಗೆಳೆಯ ಬುಟ್ಟಿಯ ಕಡೆಗೆ ತಿರುಗುವ ಮುಂಚೆಯೇ ಚೆಂಡು ಹೊರಟಿರುತ್ತದೆ. ಇಬ್ಬರೂ ಒಂದೇ ಕ್ಷಣಕ್ಕೆ ಅಲ್ಲಿ ಸೇರುತ್ತಾರೆ. ಮೂರು ಆಟಗಳಲ್ಲಿ ಅವನು ಕೊಟ್ಟ ಚೆಂಡಿನಿಂದ ೧೯ ಬುಟ್ಟಿಗಳು ಬಿದ್ದವು. ಇದನ್ನು ಹೇಳಿಕೊಟ್ಟು ಸ್ವಲ್ಪ ಬೆಳೆಸಬಹುದೇ ಹೊರತು ಇಲ್ಲದವನಲ್ಲಿ ಹುಟ್ಟಿಸುವುದು ಕಷ್ಟ.

ಎರಡನೆಯದು, ಓಟದ ಹದ. ಅವನು ಎಲ್ಲರಿಗಿಂತ ವೇಗದವನಲ್ಲ. ಆದರೆ ನಿಧಾನವಾಗಿ ಬರುತ್ತಿದ್ದವನು ತಟ್ಟನೆ ಹೆಜ್ಜೆ ಚುರುಕುಗೊಳಿಸುತ್ತಾನೆ, ಮತ್ತೆ ತಡೆಯುತ್ತಾನೆ. ಎದುರಾಳಿ ಯಾವ ಹೆಜ್ಜೆಗೆ ಹೆಜ್ಜೆ ಹಾಕಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಾನೆ. ಬಲಗೈಯಲ್ಲಿ ಚೆಂಡು ಮೊಳಕಾಲಿನ ಮಟ್ಟದಲ್ಲೇ ಪುಟಿಯುತ್ತಿರುತ್ತದೆ, ತಲೆ ಮಾತ್ರ ಎತ್ತಿಯೇ ಇರುತ್ತದೆ.

ಮೂರನೆಯದು, ಸ್ವಭಾವ. ಕಲ್ಯಾಣದ ಆಟದಲ್ಲಿ ಸುಲಭವಾದ ಬುಟ್ಟಿಯೊಂದನ್ನು ತಪ್ಪಿಸಿಕೊಂಡ. ಸಾಮಾನ್ಯವಾಗಿ ಈ ವಯಸ್ಸಿನವರು ತಲೆಗೆ ಕೈಯಿಟ್ಟು ನಿಂತುಬಿಡುತ್ತಾರೆ, ಇಲ್ಲವೆ ರೆಫರಿಯ ಮುಖ ನೋಡುತ್ತಾರೆ. ಇವನು ಮರುಕ್ಷಣವೇ ಹಿಂದಕ್ಕೆ ಓಡಿ ಎದುರಾಳಿಯ ಚೆಂಡನ್ನು ತಡೆದ. ನನ್ನ ಪುಸ್ತಕದಲ್ಲಿ ಆ ಒಂದು ಓಟಕ್ಕೆ ಎರಡು ಗೀಟು ಹಾಕಿಕೊಂಡೆ.

ಇನ್ನು ಕೊರತೆಗಳು.

ಹುಡುಗನಿಗೆ ಎಡಗೈ ಇಲ್ಲ. ಇದೆ, ಊಟದ ತಟ್ಟೆ ಹಿಡಿಯಲು, ಆಟಕ್ಕೆ ಇಲ್ಲ. ಮೂರು ಆಟಗಳಲ್ಲಿ ೧೪ ಸಲ ಚೆಂಡನ್ನು ಎದುರಾಳಿಗೆ ಕಳೆದುಕೊಂಡ. ಅದರಲ್ಲಿ ೯ ಸಲ ಯಾರೋ ಅವನ ಬಲಕ್ಕೆ ಬಂದು ನಿಂತು ಎಡಕ್ಕೆ ಹೋಗುವಂತೆ ಮಾಡಿದಾಗ. ಠಾಣೆಯವರಿಗೆ ಇದು ಗೊತ್ತಿರಲಿಲ್ಲ, ಅಲ್ಲಿ ಅವನು ರಾಜನಂತೆ ಆಡಿದ. ನೆರೂಳಿನವರಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಉಳಿದ ಆಟವೆಲ್ಲ ಅವನು ಬೇಲಿಯೊಳಗಿನ ಕರುವಿನಂತೆ ಸುತ್ತಿದ. ಒಂದು ಚೆಂಡು ಕಳೆದುಕೊಂಡರೆ ಎರಡು ಬುಟ್ಟಿಯಾದರೂ ಮಾಡಿಸಬೇಕೆಂಬುದು ಒಳ್ಳೆಯ ಗಾರ್ಡ್‌ಗಳ ಲೆಕ್ಕ. ಇವನದು ೧೪ಕ್ಕೆ ೧೯. ಎಡಗೈ ಒಂದು ಸರಿಯಿದ್ದಿದ್ದರೆ ಐದಕ್ಕೆ ಹತ್ತೊಂಬತ್ತಾಗುತ್ತಿತ್ತು.

ಎರಡನೆಯ ಕೊರತೆ, ಎಸೆತ. ಚಿಕ್ಕವನಿದ್ದಾಗ ಚೆಂಡು ಭಾರವಾಗಿತ್ತೆಂದು ಎದೆಯ ಬಳಿಯಿಂದ ತಳ್ಳುವ ಅಭ್ಯಾಸ ಮಾಡಿಕೊಂಡಿದ್ದಾನೆ. ಅದೇ ಉಳಿದಿದೆ. ಎತ್ತರದ ಹುಡುಗನೊಬ್ಬ ಎದುರು ನಿಂತರೆ ಆ ಚೆಂಡು ಮೇಲೇಳುವ ಮೊದಲೇ ತಡೆಯಾಗುತ್ತದೆ. ಮೂರು ಅಂಕದ ಗೆರೆ ಬುಟ್ಟಿಯಿಂದ ೬.೭೫ ಮೀಟರು ದೂರ. ಅಲ್ಲಿಂದ ಅವನು ಆಟದ ಮೊದಲರ್ಧಗಳಲ್ಲಿ ೧೧ ಎಸೆದು ೫ ಹಾಕಿದ. ಕೊನೆಯ ಹತ್ತು ನಿಮಿಷಗಳಲ್ಲಿ ೮ ಎಸೆದು ಒಂದೇ ಹಾಕಿದ. ದೂರದ ಎಸೆತಕ್ಕೆ ಬಲ ಬರುವುದು ತೋಳಿನಿಂದಲ್ಲ, ಕಾಲಿನಿಂದ. ಕಾಲು ಸೋತಾಗ ಎದೆಯಿಂದ ತಳ್ಳಿದ ಚೆಂಡು ಬಳೆಯ ಮುಂದಂಚಿಗೇ ಬಡಿದು ಬೀಳುತ್ತದೆ.

ಮೂರನೆಯದು, ಮೈಯ ಬಲ. ಚೆಂಡಿಲ್ಲದಾಗ ನೆಟ್ಟಗೆ ನಿಂತುಬಿಡುತ್ತಾನೆ. ಎದುರಾಳಿಯೊಬ್ಬ ಗೋಡೆಯಂತೆ ಅಡ್ಡ ನಿಂತರೆ ಅವನನ್ನು ಬಳಸಿ ಬರುವಷ್ಟರಲ್ಲಿ ತಾನು ಕಾಯಬೇಕಾದವನು ಬುಟ್ಟಿಯ ಬಳಿಗೆ ಹೋಗಿಯಾಗಿರುತ್ತದೆ. ಇದಕ್ಕೆ ಕಾರಣ ಅಂಗಳದಲ್ಲಷ್ಟೇ ಇಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಲೋಕಲ್ ಹಿಡಿದು ಠಾಣೆಯಲ್ಲಿ ಅಭ್ಯಾಸ, ರಾತ್ರಿ ಹತ್ತರ ಮೇಲೆ ಡೊಂಬಿವಲಿಗೆ ವಾಪಸು, ಮತ್ತೆ ಮೊಬೈಲಿನಲ್ಲಿ ಅಮೆರಿಕೆಯ ಆಟ. ನಿದ್ದೆ ಐದು ಗಂಟೆ. ಆ ಲೋಕಲಿನ ನೂಕುನುಗ್ಗಲಿನಲ್ಲಿ ಅರ್ಧ ಶಕ್ತಿ ಅಲ್ಲೇ ಖರ್ಚು. ಅದನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ಇಷ್ಟು ಗೀಟುಗಳನ್ನು ಇಟ್ಟುಕೊಂಡು ಅವರ ಮನೆಗೆ ಹೋಗುವ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಬೇಕಾಗಿತ್ತು. ಈ ಆಟ ನಿಜವಾಗಿ ಒಬ್ಬನಿಗೆ ಅನ್ನ ಕೊಡುತ್ತದೆಯೆ?

ಹುಡುಗನ ಕನಸು ಹುಟ್ಟಿದ ದಿನ ನನಗೆ ಗೊತ್ತು; ಅವನೇ ಹೇಳಿದ. ೨೦೧೯ರ ಅಕ್ಟೋಬರ್ ೪. ಅಮೆರಿಕೆಯ ಎನ್‌ಬಿಎ ಸಂಸ್ಥೆಯ ಎರಡು ತಂಡಗಳು, ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್, ಮುಂಬಯಿಯ ವರಳಿಯಲ್ಲಿ ಆಡಿದುವು. ಎನ್‌ಬಿಎ ಆಟ ಭಾರತದ ನೆಲದ ಮೇಲೆ ನಡೆದುದು ಅದೇ ಮೊದಲು. ಹೆಚ್ಚುವರಿ ಸಮಯದಲ್ಲಿ ಪೇಸರ್ಸ್ ೧೩೨-೧೩೧ರಿಂದ ಗೆದ್ದಿತು. ಹನ್ನೊಂದು ವರ್ಷದ ನಮ್ಮ ಹುಡುಗ ಅದನ್ನು ಟಿವಿಯಲ್ಲಿ ನೋಡಿದ. ಅಂದಿನಿಂದ ಚೆಂಡು ಕೈ ಬಿಟ್ಟಿಲ್ಲ.

ಆದರೆ ಲೆಕ್ಕ ನೋಡಿ. ಎನ್‌ಬಿಎಯಲ್ಲಿ ೩೦ ತಂಡ, ತಂಡಕ್ಕೆ ೧೫ ಜನ ಪೂರ್ಣ ಒಪ್ಪಂದದವರು. ಇಡೀ ಪ್ರಪಂಚಕ್ಕೆ ೪೫೦ ಸ್ಥಳ, ಅರ್ಧ ಒಪ್ಪಂದದವರನ್ನು ಸೇರಿಸಿದರೆ ಇನ್ನೊಂದಿಷ್ಟು. ವರ್ಷಕ್ಕೊಮ್ಮೆ ಹೊಸಬರನ್ನು ಆರಿಸುವಾಗ ಹೆಚ್ಚೆಂದರೆ ೬೦ ಜನ. ಆ ಅರವತ್ತರಲ್ಲಿ ಒಬ್ಬರಾದ ಭಾರತೀಯರು ಪಂಜಾಬಿನ ಸತ್ನಾಮ್ ಸಿಂಗ್. ೨೦೧೫ರಲ್ಲಿ ಡಲ್ಲಾಸ್ ಮಾವರಿಕ್ಸ್ ತಂಡ ಅವರನ್ನು ೫೨ನೆಯವರಾಗಿ ಆರಿಸಿತು. ಅವರ ಎತ್ತರ ಏಳಡಿ ಎರಡಂಗುಲ. ಅಷ್ಟಾದರೂ ಎನ್‌ಬಿಎಯ ಒಂದು ಋತುವಿನ ಆಟವೂ ಅವರಿಗೆ ದೊರೆಯಲಿಲ್ಲ. ಗಿಡ್ಡವರು ಆಡಿಯೇ ಇಲ್ಲವೆಂದಲ್ಲ. ಮಗ್ಸಿ ಬೋಗ್ಸ್ ಎಂಬ ಐದಡಿ ಮೂರಂಗುಲದ ಗಾರ್ಡ್ ಹದಿನಾಲ್ಕು ಋತು ಆಡಿದ್ದುಂಟು. ಆದರೆ ಅಂಥವರು ಎಷ್ಟು ಅಪರೂಪವೆಂಬುದಕ್ಕೆ, ಇಂದಿಗೂ ಎಲ್ಲರೂ ಅವರೊಬ್ಬರ ಹೆಸರನ್ನೇ ಹೇಳುವುದೇ ಸಾಕ್ಷಿ.

ನಮ್ಮ ದೇಶದ ಗಾರ್ಡ್‌ಗಳಲ್ಲಿ ಅತ್ಯಂತ ದೂರ ಹೋದವರನ್ನು ನೋಡೋಣ. ವಾರಾಣಸಿಯ ವಿಶೇಷ್ ಭೃಗುವಂಶಿ. ಆರಡಿಗೂ ಮೀರಿದ ಆಳು, ಭಾರತ ತಂಡದ ನಾಯಕರಾಗಿದ್ದವರು. ೨೦೧೪ರಲ್ಲಿ ಚೀನದ ವುಹಾನ್‌ನಲ್ಲಿ ಅವರಿದ್ದ ಭಾರತ ತಂಡ ಚೀನವನ್ನು ಅದರ ನೆಲದಲ್ಲೇ ೬೫-೫೮ರಿಂದ ಸೋಲಿಸಿತು. ೨೦೧೭ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ಥರ್ಟಿ ಸಿಕ್ಸರ್ಸ್ ತಂಡ ಅವರೊಡನೆ ಒಪ್ಪಂದ ಮಾಡಿಕೊಂಡಿತು. ೨೦೨೦ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಇಷ್ಟೆಲ್ಲ ಆದವರ ಅನ್ನದ ದಾರಿ ಯಾವುದು? ಓಎನ್‌ಜಿಸಿಯ ನೌಕರಿ. ಮಹಿಳೆಯರಲ್ಲಿ ತಮಿಳುನಾಡಿನ ಗಾರ್ಡ್ ಅನಿತಾ ಪಾಲ್‌ದುರೈ, ತಾಯಿಯಾದ ಮೇಲೂ ಅಂಗಳಕ್ಕೆ ಮರಳಿ ೨೦೧೭ರಲ್ಲಿ ಬೆಂಗಳೂರಿನಲ್ಲಿ ಏಷ್ಯಾ ಕಪ್ಪಿನ ಎರಡನೆಯ ವಿಭಾಗವನ್ನು ಗೆದ್ದ ಭಾರತ ತಂಡದಲ್ಲಿದ್ದವರು, ೨೦೨೧ರ ಪದ್ಮಶ್ರೀ ಪುರಸ್ಕೃತರು. ಅವರಿಗೆ ನೌಕರಿ ಕೊಟ್ಟುದು ದಕ್ಷಿಣ ರೈಲ್ವೆ.

ನಮ್ಮವರಿಗೆ ಇದು ಹೊಸ ಸಂಗತಿಯಲ್ಲ. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಬೆಂಗಳೂರಿನಲ್ಲಿ ತನ್ನದೇ ಬಾಸ್ಕೆಟ್‌ಬಾಲ್ ತಂಡ ಇಟ್ಟುಕೊಂಡು ಎಷ್ಟೋ ಹುಡುಗರಿಗೆ ಆಟವನ್ನೂ ಸಂಬಳವನ್ನೂ ಕೊಟ್ಟಿತು. ೨೦೧೯ರ ಏಪ್ರಿಲ್ ೧ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಖಾಸಗಿ ಲೀಗುಗಳೂ ಬಂದಿವೆ. ೨೦೧೫ರಲ್ಲಿ ಯುಬಿಎ ಎಂಬುದು ಆರಂಭವಾಗಿ ೨೦೧೭ರ ಹೊತ್ತಿಗೆ ನಿಂತಿತು. ೨೦೨೨ರಲ್ಲಿ ಐಎನ್‌ಬಿಎಲ್ ಬಂತು. ೨೦೨೫ರಲ್ಲಿ ಅದರ ಪ್ರೊ ಲೀಗು ಆರು ತಂಡಗಳೊಡನೆ ನಡೆಯಿತು, ನಮ್ಮ ಮುಂಬಯಿಯದೂ ಅದರಲ್ಲೊಂದು. ಇವು ಒಳ್ಳೆಯವೇ. ಆದರೆ ಮಳೆಗಾಲದ ಹೊಳೆಯನ್ನು ನಂಬಿ ಬೇಸಗೆಯ ಬೆಳೆ ಇಡಲಾದೀತೆ?

ರೈಲ್ವೆಯ ಕ್ರೀಡಾ ಕೋಟಾದ ನಿಯಮವನ್ನು ನೋಡಿದರೆ ಎಲ್ಲ ತಿಳಿಯುತ್ತದೆ. ಆಟದಲ್ಲಿ ಎಷ್ಟೇ ನಿಪುಣನಾಗಿರಲಿ, ಹತ್ತನೆಯದು ಮಾತ್ರ ಮುಗಿಸಿದವನಿಗೆ ಕೆಳಗಿನ ಹುದ್ದೆ, ಹನ್ನೆರಡು ಮುಗಿಸಿದವನಿಗೆ ಅದರ ಮೇಲಿನದು, ಪದವೀಧರನಿಗೆ ಇನ್ನೂ ಮೇಲಿನದು. ಮಹಾರಾಷ್ಟ್ರ ಸರಕಾರ ಕ್ರೀಡಾಪಟುಗಳಿಗೆ ನೂರಕ್ಕೆ ಐದರಷ್ಟು ಮೀಸಲಿಟ್ಟಿರುವ ಹುದ್ದೆಗಳಿಗೂ ಆಯಾ ಹುದ್ದೆಯ ವಿದ್ಯಾರ್ಹತೆ ಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಆಡಬೇಕಾದರೆ ಮೊದಲು ವಿಶ್ವವಿದ್ಯಾಲಯ ಸೇರಿರಬೇಕಲ್ಲ! ಪರದೇಶದ ಮಾತೂ ಅಷ್ಟೆ. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನ ಪಡೆದು ಅಮೆರಿಕೆಯ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಅಲ್ಲಿನ ಕಾಲೇಜು ಆಟಕ್ಕೆ ಶಾಲೆಯ ಅಂಕಪಟ್ಟಿಯನ್ನು ನೋಡದೆ ಯಾರನ್ನೂ ಸೇರಿಸುವುದಿಲ್ಲ. ಈ ಆಟದಲ್ಲಿ ಅನ್ನದ ಬಾಗಿಲುಗಳು ಕೆಲವು ಇವೆ, ನಿಜ. ಆದರೆ ಅವೆಲ್ಲ ಕಾಲೇಜಿನ ಬಾಗಿಲನ್ನು ದಾಟಿದ ಮೇಲಿನವು.

ಜನವರಿಯ ಮೊದಲ ಭಾನುವಾರ ಸಂಜೆ ಅವರ ಮನೆಗೆ ಹೋದೆ. ತಾಯಿ ಗಿರಮಿಟ್ಟು, ಚಹಾ ಮಾಡಿದ್ದರು. ಗದಗಿನಿಂದ ಬಂದಿದ್ದ ಅಜ್ಜಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ಹುಡುಗ ನನ್ನೆದುರು ನೆಲದ ಮೇಲೆ ಕೂತ. ನೋಟುಪುಸ್ತಕ ತೆರೆದು ಗುಣಗಳನ್ನು ಓದಿದೆ, ಮುಖ ಅರಳಿತು. ಕೊರತೆಗಳನ್ನು ಓದಿದೆ, ಎಡಗೈಯ ಒಂಬತ್ತು, ಎಸೆತದ ಎಂಟಕ್ಕೊಂದು, ನಿದ್ದೆಯ ಐದು ಗಂಟೆ, ಒಂದನ್ನೂ ಬಿಡಲಿಲ್ಲ. ಆಮೇಲೆ ೪೫೦ರ ಲೆಕ್ಕವನ್ನೂ ಹೇಳಿದೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ನಾ ಎನ್‌ಬಿಎಕ್ಕ ಹೋಗಂಗಿಲ್ಲ ಅಂತೀರೇನು ಕಾಕಾ?" ಎಂದ.

"ನಾನು ನೋಡಿದ ಮಟ್ಟಿಗೆ, ಇಲ್ಲಪ್ಪ," ಎಂದೆ. "ಆದರೆ ಎರಡು ವರ್ಷ ಸರಿಯಾಗಿ ದುಡಿದರೆ ವಿಶ್ವವಿದ್ಯಾಲಯದ ತಂಡ ಖಂಡಿತ. ರಾಜ್ಯದ ತಂಡಕ್ಕೆ ಪ್ರಯತ್ನಿಸಬಹುದು. ಅಲ್ಲಿ ಹೆಸರು ಬಂದರೆ ರೈಲ್ವೆಯೋ ಬ್ಯಾಂಕೋ ಕರೆದೀತು. ಇಲ್ಲಿನ ಲೀಗಿನಲ್ಲೂ ಒಂದು ಸ್ಥಳ ಸಿಕ್ಕರೆ ಆಶ್ಚರ್ಯವಿಲ್ಲ. ಪರೀಕ್ಷೆ ಬಿಟ್ಟರೆ ಇದೊಂದೂ ಇಲ್ಲ."

ಹುಡುಗ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಗಿರಮಿಟ್ಟಿನ ತಟ್ಟೆ ಹಾಗೆಯೇ ಉಳಿಯಿತು. ತಂದೆ ತಲೆ ತಗ್ಗಿಸಿದರು. ತಾಯಿ ಮೆಲ್ಲನೆ, "ಇಷ್ಟು ಖಡಾಖಡಿ ಹೇಳಬೇಕಿತ್ತೇನ್ರಿ ಅಣ್ಣಾರ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದು ನಡೆದುದನ್ನು ನನ್ನಾಕೆಗೆ ಹೇಳಿದೆ. ಆಕೆ ಆಟ ಬಲ್ಲವಳಲ್ಲ. "ಎಲೆ ನೋಡಿ ಬಡಿಸಬೇಕು ಅಂತ ಊರಿಗೆಲ್ಲ ಹೇಳುವವರು ನೀವು. ಹದಿನೇಳು ವರ್ಷದ ಹುಡುಗನ ಎಲೆಗೆ ಒಂದೇ ಸಂಜೆ ಪಾತ್ರೆಯನ್ನೇ ಬೋರಲು ಹಾಕಿ ಬಂದಿರಲ್ಲ!" ಎಂದಳು. ಮಾತು ಚುಚ್ಚಿತು. ನಿಜವಾಗಿದ್ದುದರಿಂದ ಹೆಚ್ಚು ಚುಚ್ಚಿತು.

ಆದರೂ ನಾನು ಹಾಗೆ ಹೇಳಿದುದಕ್ಕೆ ಒಂದು ಕಾರಣವಿತ್ತು. ಇದುವರೆಗೆ ಈ ಪುಟದಲ್ಲಿ ಬರೆಯದ ಮಾತು. ನಾನೂ ಒಂದು ಕಾಲಕ್ಕೆ ಗಾರ್ಡ್ ಆಗಿದ್ದೆ. ಮೈಸೂರಿನಲ್ಲಿ ಕಾಲೇಜಿಗೆ ಆಡುತ್ತಿದ್ದಾಗ ಊರೆಲ್ಲ "ಭೇಷ್" ಎನ್ನುತ್ತಿತ್ತು. ಆ ಭೇಷ್ ನಂಬಿ ಕೊನೆಯ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಬೆಂಗಳೂರಿನಲ್ಲಿ ಒಂದು ಸಂಸ್ಥೆಯ ತಂಡಕ್ಕೆ ಆಯ್ಕೆ ನಡೆಯುತ್ತಿತ್ತು, ಹೋದೆ. ಅಲ್ಲಿದ್ದ ಹಿರಿಯರೊಬ್ಬರು ಒಬ್ಬ ಹುಡುಗನನ್ನು ಕರೆದು ನನ್ನ ಬಲಗಡೆಗೆ ನಿಲ್ಲಲು ಹೇಳಿದರು, ಅಷ್ಟೆ. ಹತ್ತು ನಿಮಿಷದಲ್ಲಿ ನನ್ನ ಆಟ ಮುಗಿಯಿತು. ಆಗ ನನಗೆ ಇಪ್ಪತ್ತಮೂರು. ಅಷ್ಟು ವರ್ಷ ನನ್ನ ಆಟ ನೋಡಿದ ಪುಣ್ಯಾತ್ಮರಲ್ಲಿ ಒಬ್ಬರೂ ನಿನಗೆ ಎಡಗೈ ಇಲ್ಲವೆಂದು ಹೇಳಿರಲಿಲ್ಲ. ಹೇಳಿದರೆ ಮನಸ್ಸು ನೋಯುತ್ತದೆಂಬ ದಾಕ್ಷಿಣ್ಯ. ಆ ದಾಕ್ಷಿಣ್ಯದ ಬಡ್ಡಿಯನ್ನು ನಾನು ಮುಂಬಯಿಗೆ ಬಂದು, ಹಗಲು ಗುಮಾಸ್ತೆ ಕೆಲಸ ಮಾಡಿ, ರಾತ್ರಿ ಕಾಲೇಜಿನಲ್ಲಿ ಓದಿ ತೀರಿಸಿದೆ. ಹುಡುಗನ ಎಡಗೈ ನೋಡಿದಾಗ ನನಗೆ ಕಂಡದ್ದು ನನ್ನದೇ ಕೈ. ಅವಸರವಾಯಿತು. ಹೇಳಿದ್ದು ತಪ್ಪಲ್ಲ, ಹೇಳಿದ ಬಗೆ ತಪ್ಪು.

ಮೂರು ವಾರ ಆ ಮನೆಯಿಂದ ಸುದ್ದಿಯಿಲ್ಲ. ನಾನೇ ಫೋನು ಮಾಡಲು ಮನಸ್ಸು ಬರಲಿಲ್ಲ. ಒಂದು ರಾತ್ರಿ ಹುಡುಗನೇ ಕರೆದ. ಪೀಠಿಕೆಯಿಲ್ಲದೆ, "ಕಾಕಾ, ಎಡಗೈ ಹೆಂಗ ತಯಾರು ಮಾಡೂದು?" ಎಂದ.

ಈ ಸಲ ಎಲೆ ನೋಡಿ ಬಡಿಸಿದೆ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ ಮಾತ್ರ, ಅದೂ ಕಟ್ಟಡದ ಕೆಳಗೇ, ಎಡಗೈಯಲ್ಲಿ ಪುಟಿಸುವುದು. ಬಲಗೈ ಬೆನ್ನ ಹಿಂದೆ. ಠಾಣೆಯ ಪ್ರಯಾಣ ಆ ಎರಡು ತಿಂಗಳು ನಿಲ್ಲಲಿ. ಉಳಿದ ಹೊತ್ತು ಓದಿಗೆ ಮತ್ತು ನಿದ್ದೆಗೆ. ಎಸೆತದ ಮಾತು ಈಗ ಬೇಡ, ಅದಕ್ಕೆ ಒಂದು ಪೂರ್ತಿ ಬೇಸಗೆ ಬೇಕು ಎಂದೆ. ಯಾಕೆಂದು ಕೇಳಿದ. ಸ್ಟೆಫನ್ ಕರಿಯ ಕಥೆ ಹೇಳಿದೆ.

ಅವರ ಹೆಸರು ಇಂದಿನ ಮಕ್ಕಳಿಗೆಲ್ಲ ಗೊತ್ತು. ದೂರದಿಂದ ಮೂರು ಅಂಕದ ಬುಟ್ಟಿ ಹಾಕುವುದರಲ್ಲಿ ೨೦೨೧ರ ಡಿಸೆಂಬರಿನಲ್ಲಿ ಎನ್‌ಬಿಎಯ ಹಳೆಯ ದಾಖಲೆಯನ್ನು ಮುರಿದವರು. ಆದರೆ ಶಾಲೆಯಲ್ಲಿದ್ದಾಗ ಅವರೂ ಗಿಡ್ಡ, ತೆಳ್ಳಗಿನ ಹುಡುಗ. ಸೊಂಟದ ಬಳಿಯಿಂದ ಚೆಂಡು ತಳ್ಳುತ್ತಿದ್ದರು. ಅವರ ತಂದೆ ಡೆಲ್ ಕರಿ ತಾವೇ ಎನ್‌ಬಿಎ ಆಟಗಾರರು. ಒಂದು ಬೇಸಗೆಯಲ್ಲಿ ಮಗನನ್ನು ಹಿತ್ತಿಲಿಗೆ ಕರೆದೊಯ್ದು, ತಲೆಯ ಮೇಲಿಂದ ಎಸೆಯುವಂತೆ ಮೊದಲಿನಿಂದ ಕಲಿಸಿದರು. ಇದ್ದ ಎಸೆತ ಹೋಯಿತು, ಹೊಸದು ಬರಲಿಲ್ಲ; ತಿಂಗಳುಗಟ್ಟಲೆ ಬುಟ್ಟಿಯ ಹತ್ತಿರದಿಂದಲೇ ಎಸೆಯಬೇಕಾಯಿತು. ಹುಡುಗ ಅತ್ತದ್ದೂ ಉಂಟಂತೆ. ಆಮೇಲೂ ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಲ್ಲಿ ಆಡಿದರು. ೨೦೦೯ರಲ್ಲಿ ಆಯ್ಕೆಯಾದಾಗಲೂ ಅವರಿಗಿಂತ ಮುಂಚೆ ಆರು ಜನರ ಹೆಸರು ಕೂಗಿಯಾಗಿತ್ತು.

"ನೋಡು," ಎಂದೆ, "ತೂಗುವವರೆಲ್ಲ ಕೆಲವು ಸಲ ತಪ್ಪಿ ತೂಗುತ್ತಾರೆ. ನಾನೂ ತಪ್ಪಿರಬಹುದು. ನನ್ನ ತೂಕ ತಪ್ಪೆಂದು ನೀನು ತೋರಿಸಿದರೆ ಎಲ್ಲರಿಗಿಂತ ಸಂತೋಷಪಡುವವನು ನಾನೇ. ಆದರೆ ಬಾಯಲ್ಲಿ ತೋರಿಸಬೇಡ, ಎಡಗೈಯಲ್ಲಿ ತೋರಿಸು."

ಹುಡುಗ ನಕ್ಕ. ಜನವರಿಯಿಂದ ಕೇಳದ ನಗು.

ಇದೇ ಪರಿಸ್ಥಿತಿಯಲ್ಲಿರುವ ತಂದೆತಾಯಿಗಳಿಗೆ ನನ್ನ ಅನುಭವದ ಎರಡು ಮಾತು. ಮಗುವಿನ ಆಟವನ್ನು ಹೊಗಳುವವರು ಸಿಕ್ಕರೆ ಸಂತೋಷಪಡಿ, ಆದರೆ "ಇವನಿಗೆ ಏನು ಬರುವುದಿಲ್ಲ?" ಎಂದು ಮರುಪ್ರಶ್ನೆ ಹಾಕಿ. ಇದಕ್ಕೆ ಸರಿಯಾಗಿ ಉತ್ತರ ಕೊಡಬಲ್ಲವರೇ ಒಳ್ಳೆಯ ಗುರುಗಳು. ಪರದೇಶಕ್ಕೆ ಕಳಿಸುತ್ತೇವೆ, ಮುಂಗಡ ಕೊಡಿ ಎನ್ನುವವರ ಹತ್ತಿರ, ಹಿಂದೆ ಯಾರನ್ನು ಎಲ್ಲಿಗೆ ಕಳಿಸಿದಿರಿ ಎಂದು ಕೇಳಿ, ಆ ಮನೆಯವರೊಡನೆ ಮಾತಾಡಿದ ಮೇಲೆ ಕೈಚೀಲ ಬಿಚ್ಚಿ. ಇನ್ನು, ಆಟ ಬೇಡವೆಂದು ಕಡ್ಡಿ ಮುರಿದಂತೆ ಹೇಳುವ ಮನೆಗಳಿಗೂ ಒಂದು ಮಾತು. ನಾಗಪಾಡಾದ ಗಲ್ಲಿಗಳಲ್ಲಿ ಆಡಿ ಬೆಳೆದ ಗುಲಾಮ್ ಅಬ್ಬಾಸ್ ಮುಂತಸಿರ್ ೧೯೭೦ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಇದೇ ನಮ್ಮ ಮುಂಬಯಿಯಲ್ಲಿ. ಇಲ್ಲಿ ಆಗದ ಕೆಲಸವೇನಲ್ಲ ಇದು.

ಹುಡುಗ ಪರೀಕ್ಷೆ ಬರೆದ. ಫಲಿತಾಂಶ ಬರಬೇಕು. ಎಸೆತದ ಪಾಠ ಏಪ್ರಿಲಿನಿಂದ ಆರಂಭ. ಅವನ ಕೋಚ್ ಸಾಹೇಬರೂ ಒಪ್ಪಿದ್ದಾರೆ. ನನ್ನ ನೋಟುಪುಸ್ತಕದಲ್ಲಿ ಹೊಸ ಪುಟ ಬಿಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ಮತ್ತೆ ಮೂರು ಆಟ ನೋಡುವುದೆಂದು ಕರಾರಾಗಿದೆ.

ಕಳೆದ ವಾರ ಅವನ ತಾಯಿಯ ಫೋನು ಬಂತು. ದೂರು.

"ಅಣ್ಣಾರ, ಏನು ಹೇಳಿಕೊಟ್ಟೀರಿ ಹುಡುಗಗ? ಎಲ್ಲಾ ಎಡಗೈಲೇ ಮಾಡಾಕ ಹತ್ಯಾನ. ಹಲ್ಲು ತಿಕ್ಕೂದು ಎಡಗೈಲೆ, ಬಾಗಿಲಾ ತಗಿಯೂದು ಎಡಗೈಲೆ. ನಿನ್ನೆ ದೇವರ ಮನ್ಯಾಗ ಅಜ್ಜಿ ಹೂವು ಕೇಳಿದ್ರ ಎಡಗೈಲೆ ಕೊಟ್ಟಾನ! ಮುದುಕಿ ಊರಿಗೆ ಹೊಕ್ಕೀನಿ ಅಂತ ಕುಂತಾರ."

ಅಜ್ಜಿಗೆ ಫೋನು ಕೊಡಲು ಹೇಳಿ ಕ್ಷಮೆ ಕೇಳಿದೆ. ಹೂವು ಮತ್ತು ಪ್ರಸಾದ ಬಲಗೈಯಲ್ಲಿ, ಉಳಿದುದೆಲ್ಲ ಎಡಗೈಯಲ್ಲಿ ಎಂದು ರಾಜಿಯಾಗಿದೆ.